ಯಾವ ಬೆಂಕಿಗೂ ಹಿಡಿಯದ ಬೆಸುಗೆ

ಪಂಚನಹಳ್ಳಿ
೧೪ ಜೂನ್ ೧೯೨೧

ಸೌಭಾಗ್ಯವತಿ ಶಂಕರಮ್ಮನಿಗೆ ತಮ್ಮಯ್ಯನ ಆಶೀರ್ವಾದ. ಇಲ್ಲಿ ಒಂದು ಕೊಳವೆಯನ್ನು ಬಿಟ್ಟು ಮಿಕ್ಕೆಲ್ಲವೂ ಕ್ಷೇಮ.

ಕೂಸು ಹುಟ್ಟಿದ ಸುದ್ದಿ ನಿಮ್ಮಪ್ಪನವರ ಕಾರ್ಡಿನಿಂದ ತಿಳಿಯಿತು. ಹೆಣ್ಣು ಮಗು, ಇಬ್ಬರೂ ಸುಖ ಎಂದು ಬರೆದು ನಿಲ್ಲಿಸಿಬಿಟ್ಟಿದ್ದಾರೆ. ಮೂಗು ಯಾರದು, ಬಣ್ಣ ಯಾರದು, ಒಂದೂ ಇಲ್ಲ. ಅಮ್ಮ ಆ ಕಾರ್ಡನ್ನು ನನ್ನಿಂದ ಮತ್ತೆ ಮತ್ತೆ ಓದಿಸಿ, ಕೊನೆಗೆ ತಾನೇ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಓದು ಬಾರದವಳಿಗೆ ಅದರಲ್ಲಿ ಏನು ಕಂಡಿತೋ, ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋದಳು.

ನೀನು ಹೆರಿಗೆಗೆಂದು ತವರಿಗೆ ಗಾಡಿ ಹತ್ತುವಾಗ ಹೇಳಿದ್ದು ಮರೆತಿಲ್ಲ. "ಈ ಮನೇಲಿ ಬಿಸ್ನೀರು ಹೊರೋದು ನಿಂತ ದಿನ ಬತ್ತೀನಿ. ಅಲ್ಲೀವರ್ಗೂ ಕರೀಬೇಡಿ" ಅಂದೆ. ಹೋದ ವರ್ಷ ನೀನು ಹಿತ್ತಲ ಮೆಟ್ಟಿಲಲ್ಲಿ ಕುದಿಯುವ ಕೊಡದ ಸಮೇತ ಜಾರಿ, ಕಾಲು ಬೇಯಿಸಿಕೊಂಡು, ಹೊಟ್ಟೆಯಲ್ಲಿದ್ದುದನ್ನೂ ಕಳೆದುಕೊಂಡ ಮೇಲೆ ಆ ಮೆಟ್ಟಿಲನ್ನು ನಾನೂ ಗೋಡೆ ಹಿಡಿದೇ ಇಳಿಯುತ್ತೇನೆ. ನಮ್ಮಜ್ಜನ ಕಾಲದಲ್ಲಿ ಬಚ್ಚಲ ಒಲೆಯಿಂದ ಸೂರಿಗೆ ಬೆಂಕಿ ಬಿತ್ತೆಂದು ಒಲೆಯನ್ನೂ ಹಂಡೆಯನ್ನೂ ಹಿತ್ತಲಿಗೆ ಹಾಕಿದ್ದರು. ಸೂರು ಉಳಿಯಿತು, ನೀರು ಹೊರುವುದು ಮಾತ್ರ ಹೆಂಗಸರ ಸೊಂಟಕ್ಕೆ ಬಂತು. ಒಲೆಯನ್ನು ಮತ್ತೆ ಒಳಗೆ ತರಲು ಅಮ್ಮ ಸುತರಾಂ ಒಪ್ಪಳು. ಸರಿ, ಒಲೆ ಬರದಿದ್ದರೆ ನೀರೇ ಬರಲಿ ಎಂದು ತೀರ್ಮಾನಿಸಿದ್ದೇನೆ; ಹಿತ್ತಲು ಹೇಗೂ ಬಚ್ಚಲಿಗಿಂತ ಎತ್ತರ.

ಹಂಡೆಯನ್ನು ಕಡೂರಿಗೆ ಗಾಡಿಯಲ್ಲಿ ಒಯ್ದು, ಅಲ್ಲಿನ ಕಂಚುಗಾರನ ಕೈಲಿ ಅದರ ಹೊಟ್ಟೆಗೆ ತಾಮ್ರದ ಕೊಳವೆಯೊಂದನ್ನು ಕೂರಿಸಿಕೊಂಡು ಬಂದೆ. ಇನ್ನೊಂದು ಉದ್ದ ಕೊಳವೆ ನಲ್ಲಿಯ ಸಮೇತ ಬಚ್ಚಲಿನಿಂದ ಗೋಡೆ ತೂರಿ ಆಚೆ ಬಂದಿದೆ. ಈಗ ಆ ಬಾಯಿಗೂ ಈ ಬಾಯಿಗೂ ಗೋಡೆಯ ಮಗ್ಗುಲಲ್ಲೇ ಬೆಸುಗೆ ಹಾಕಬೇಕು. ಕೊಳವೆಯನ್ನು ಒಲೆಯ ಹತ್ತಿರ ಒಯ್ಯುವಂತಿಲ್ಲ, ಬೆಂಕಿಯೇ ಕೊಳವೆಯ ಹತ್ತಿರ ಬರಬೇಕು. ಕಂಚುಗಾರನನ್ನು ಕರೆದರೆ ಅಂಗಡಿ ಬಿಟ್ಟು ಬರೋದಿಲ್ಲ ಅಂದ. ತವರದ ಕಡ್ಡಿ ಕೊಟ್ಟು, ನೀವೇ ಹಾಕ್ಕೊಳ್ಳಿ, ಮಹಾ ಏನಲ್ಲ ಅಂದ.

ಮಹಾ ಏನಲ್ಲವಂತೆ! ಮೊನ್ನೆ ಬಾಂಡಲೆಯಲ್ಲಿ ಕರಟದ ಇದ್ದಿಲು ತುಂಬಿ, ಕೊಳವೆಯ ಕೆಳಗೆ ಹಿಡಿದು, ಊದುಗೊಳವೆಯಲ್ಲಿ ಊದಿದೆ. ಅಮ್ಮ ಶುಭಕಾರ್ಯವೆಂದು ಮೊದಲು ಪೂಜೆ ಮಾಡಿಕೊಟ್ಟಳು. ಕೆನ್ನೆ ನೋವು ಬರುವವರೆಗೆ ಊದಿದರೂ ತವರ ಉಂಡೆಯಾಗಿ ಉದುರಿತೇ ಹೊರತು ತಾಮ್ರಕ್ಕೆ ಅಂಟಲಿಲ್ಲ. ಕಾವು ಸಾಲದೆಂದು ನನ್ನ ಅನುಮಾನ. ನಿಮ್ಮಣ್ಣ ತರೀಕೆರೆಯ ಟ್ರಾಂ ಶೆಡ್ಡಿನಲ್ಲಿ ಇದೇ ಕೆಲಸದಲ್ಲಿದ್ದಾನಲ್ಲ. ನೀನು ಬಿದ್ದಂದಿನಿಂದ ಅವನು ನನ್ನ ಮುಖ ನೋಡುವುದಿಲ್ಲ. ನೀನು ಕೇಳಿದರೆ ಹೇಳಿಯಾನು: ಯಾವ ದೀಪ, ಯಾವ ಎಣ್ಣೆ?

ನಿನ್ನ
ತಮ್ಮಯ್ಯ


ಅಜ್ಜಂಪುರ
೨೯ ಜೂನ್ ೧೯೨೧

ಯಜಮಾನರ ಪಾದಗಳಿಗೆ ಶಂಕರಮ್ಮನ ನಮಸ್ಕಾರಗಳು.

ಕಾಗದ ತಲುಪಿತು. ಮೂಗು ಅತ್ತೆಯವರದು, ಏನು ಮಾಡಲಿ. ಸಿಟ್ಟು ಬಂದರೆ ಅದನ್ನು ಮೇಲಕ್ಕೆತ್ತುವುದೂ ಅವರ ಹಾಗೆಯೇ. ಬಣ್ಣ ನಿಮ್ಮದು. ಅಳು ಯಾರದೆಂದು ಇನ್ನೂ ಗೊತ್ತಾಗಿಲ್ಲ.

ಅಣ್ಣನಿಗೆ ಬರೆದಿದ್ದೇನೆ. ನಿಮ್ಮ ಹೆಸರು ಕಂಡು ಅರ್ಧಕ್ಕೇ ಮಡಿಸದಿರಲಿ ಎಂದು ಕೊಳವೆಯ ವಿಚಾರ ಮೊದಲು ಹಾಕಿ, ನಿಮ್ಮ ವಿಚಾರ ಕೊನೆಗೆ ಹಾಕಿದ್ದೇನೆ.

ನಾನು ಹಟಕ್ಕೆ ಹೇಳಿದ ಮಾತಲ್ಲ ಅದು. ಇಲ್ಲಿ ಅವ್ವ ಕೂಸಿಗೆ ಎಣ್ಣೆನೀರು ಹಾಕುವಾಗ ಬಿಸಿನೀರಿನ ತಂಬಿಗೆ ಹತ್ತಿರ ಬಂದರೂ ನನ್ನ ಕೈಕಾಲು ತಣ್ಣಗಾಗುತ್ತವೆ. ಆ ಮೆಟ್ಟಿಲ ಮೇಲೆ ನನ್ನಿಂದ ಇನ್ನು ಆಗದು. ನೀವು ಕೆನ್ನೆ ನೋಯಿಸಿಕೊಂಡಿರೆಂದು ಓದಿ ನಗು ಬಂತು, ಆಮೇಲೆ ಅಳುವೂ ಬಂತು.

ಇತಿ
ಶಂಕರಮ್ಮ


ತರೀಕೆರೆ
೧೧ ಜುಲೈ ೧೯೨೧

ತಮ್ಮಯ್ಯನವರಿಗೆ,

ತಂಗಿ ಕೇಳಿದಳೆಂದು ಬರೆಯುತ್ತಿದ್ದೇನೆ. ಬೇರೆ ಕಾರಣವಿಲ್ಲ.

ಇದ್ದಿಲು ಕೆಳಗಿನಿಂದ ಕಾಯಿಸುತ್ತದೆ, ನಿಮಗೆ ಸುತ್ತ ಕಾವು ಬೇಕು. ಅದನ್ನು ಬಿಡಿ. ನನ್ನ ಹತ್ತಿರ ಸ್ಪಿರಿಟ್ಟಿನ ಸಣ್ಣ ದೀಪವೊಂದಿದೆ, ಕಳಿಸುತ್ತೇನೆ. ಉರಿ ಶುದ್ಧ, ಮಸಿಯಿಲ್ಲ. ಸಣ್ಣ ಕೊಳವೆಯಾದರೆ ಸಾಕಾಗುತ್ತದೆ. ಸಾಲದಿದ್ದರೆ ಸೀಮೆಎಣ್ಣೆಯ ಬ್ಲೋ ಲ್ಯಾಂಪು ಬೇಕು, ಪಂಪು ಹೊಡೆದು ಉರಿಸುವಂಥದ್ದು. ಶೆಡ್ಡಿನಲ್ಲಿ ಬಿಡುವಾದಾಗ ಕೇಳಿ ನೋಡುತ್ತೇನೆ. ಯಾರಾದರೂ ಪೆಟ್ರೋಲು ಹಾಕಿ ಎಂದರೆ ಹಾಕಬೇಡಿ. ನಮ್ಮ ಮನೆಯ ಹುಡುಗಿ ನಿಮ್ಮ ಮನೆಯಲ್ಲಿ ಸುಟ್ಟುಕೊಂಡದ್ದೇ ಸಾಕು.

ಎರಡು ಬಾಯನ್ನೂ ಉಪ್ಪುಕಾಗದದಿಂದ ಥಳಥಳ ಹೊಳೆಯುವ ಹಾಗೆ ಉಜ್ಜಬೇಕು. ತವರ ಹರಿಯಲು ರಾಳ ಹಚ್ಚಬೇಕು. ಉರಿಯನ್ನು ತಾಮ್ರಕ್ಕೆ ಹಿಡಿಯಬೇಕು, ತವರಕ್ಕಲ್ಲ. ತಾಮ್ರ ಕಾದರೆ ತವರ ತಾನೇ ಒಳಗೆ ಓಡುತ್ತದೆ. ಇಷ್ಟು ಮಾಡಿ ಹಿಡಿಯದಿದ್ದರೆ ಕಾವು ಕಡಿಮೆಯೆಂದು ತಿಳಿಯಿರಿ.

ಚಿಕ್ಕಬೀರಪ್ಪ, ಫಿಟ್ಟರ್


ಪಂಚನಹಳ್ಳಿ
೬ ಆಗಸ್ಟ್ ೧೯೨೧

ಸೌಭಾಗ್ಯವತಿ ಶಂಕರಮ್ಮನಿಗೆ,

ನಿಮ್ಮಣ್ಣನ ಕಾಗದ ಬಂತು. ಕಾಗದದ ತುಂಬ ಮುನಿಸಿದ್ದರೂ ವಿಷಯ ಚೆನ್ನಾಗಿ ಬರೆದಿದ್ದಾನೆ. ದೀಪವೂ ಬಂತು, ಕುಂಕುಮದ ಭರಣಿಗಿಂತ ತುಸು ದೊಡ್ಡದು. ಅದಕ್ಕೆ ಸ್ಪಿರಿಟ್ಟು ಹುಯ್ಯುತ್ತಿದ್ದ ಹಾಗೆಯೇ ಅಮ್ಮ ಮೂಗು ಮೇಲೆತ್ತಿಕೊಂಡು ಬಂದಳು (ಕೂಸು ಎತ್ತುತ್ತದೆ ಅಂದೆಯಲ್ಲ, ಹಾಗೆಯೇ).

"ಇದ್ಯಾವ್ ಹೆಂಡ ಕಣೋ, ಮೀಯೋ ನೀರಿನ್ ಕೊಳವೆಗೆ?"

"ಹೆಂಡ ಅಲ್ಲ ಕಣಮ್ಮಾ, ಸ್ಪಿರಿಟ್ಟು. ಕುಡಿಯೋಕಾಗಲ್ಲ."

"ಕುಡಿಯೋಕಾಗ್ದಿದ್ದ ಹೆಂಡ ಇನ್ನೂ ಕೆಟ್ಟದ್ದಲ್ವೇನೋ!"

ಆಮೇಲೆ ಮೊಮ್ಮಗಳು ಬರುವ ನೀರಿನ ದಾರಿಯೆಂದು ತಾನೇ ಸಮಾಧಾನ ಮಾಡಿಕೊಂಡಳು. ನಾನು ಹಿಂದಿನ ಸಂಜೆಯೇ ಎರಡು ಬಾಯನ್ನೂ ಕನ್ನಡಿಯ ಹಾಗೆ ಉಜ್ಜಿಟ್ಟಿದ್ದೆ. ಬೆಳಿಗ್ಗೆ ಅಮ್ಮನ ಪೂಜೆ ಮುಗಿದ ಮೇಲೆ ರಾಳ ಹಚ್ಚಿ ದೀಪ ಹಿಡಿದೆ. ಉರಿ ನೀಲಿ, ಚೆಂದ. ಆದರೆ ತವರ ಕೊಳವೆಯ ಮೇಲೆ ಕೆಸುವಿನೆಲೆಯ ನೀರಿನಂತೆ ಉರುಳಾಡಿ ನೆಲಕ್ಕೆ ಬಿತ್ತು. ಇನ್ನೊಂದು ಕಡ್ಡಿ ಕರಗಿಸಿದೆ. ಅದೂ ಅಷ್ಟೇ.

ಈಗ ನನ್ನ ಪಾಡು ಕೇಳು. ಕಾವು ಕಡಿಮೆ ಎನ್ನುತ್ತಾನೆ ನಿಮ್ಮಣ್ಣ. ಕಡೂರಿಗೆ ಹೋಗಿ ಕಂಚುಗಾರನನ್ನು ಕೇಳಿದರೆ, ಕಾವು ಹೆಚ್ಚಾಯ್ತು, ತಾಮ್ರ ಕಪ್ಪಾದ್ರೆ ಹಿಡಿಯೋಲ್ಲ ಅಂದ. ನೆರೆಮನೆಯ ಅಜ್ಜಯ್ಯ ಬಂದು ನೋಡಿ, ಕಾವಿನ ತಪ್ಪಲ್ಲ ಕಣಪ್ಪಾ, ಮಂಗಳವಾರ ಶುರು ಮಾಡಿದ್ದು ತಪ್ಪು, ಹೊಂಗೆ ಎಣ್ಣೆ ದೀಪ ಹಚ್ಚಿ ಮಾಡು ಅಂದ. ಒಬ್ಬ ಏರಿಸು ಅನ್ನುತ್ತಾನೆ, ಒಬ್ಬ ಇಳಿಸು ಅನ್ನುತ್ತಾನೆ, ಒಬ್ಬ ವಾರ ಬದಲಾಯಿಸು ಅನ್ನುತ್ತಾನೆ. ನಾನು ದೀಪ ಹಿಡಿದುಕೊಂಡು ಗೋಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಯಾರನ್ನು ನಂಬಲಿ? ನನ್ನ ತಲೆಯಂತೂ ಪೂರ್ತಿ ಕಲಸುಮೇಲೋಗರವಾಗಿದೆ.

ಒಂದು ಮಾತು ಕೇಳುತ್ತೇನೆ. ಕೊಳವೆ ಆಗದಿದ್ದರೆ ನೀರು ನಾನೇ ಹೊರುತ್ತೇನೆ, ಜನ್ಮವಿಡೀ. ನೀನು ಬಾ.

ನಿನ್ನ
ತಮ್ಮಯ್ಯ


ಅಜ್ಜಂಪುರ
೨೧ ಆಗಸ್ಟ್ ೧೯೨೧

ಯಜಮಾನರಿಗೆ ನಮಸ್ಕಾರಗಳು.

ನೀವು ಹೊರುತ್ತೀರಿ, ಗೊತ್ತು. ನಾನು ಬಸುರಿಯಿದ್ದಾಗಲೂ ಹೊತ್ತಿರಿ. ನೀವು ಹೊಲಕ್ಕೆ ಹೋದ ದಿನ, ಕಡೂರಿಗೆ ಹೋದ ದಿನ ಯಾರು ಹೊರುತ್ತಾರೆ? ಅತ್ತೆಯವರ ಮಂಡಿ ಹಿಡಿದುಕೊಂಡ ದಿನ ನಾನೇ ಎದ್ದು ಹೋಗಬೇಕಾಗುತ್ತದೆ, ಕೂಸನ್ನು ಒಂಟಿ ಬಿಟ್ಟು.

ಬರೆಯಬಾರದೆಂದುಕೊಂಡಿದ್ದೆ, ಬರೆದುಬಿಡುತ್ತೇನೆ. ಅವತ್ತು ನಾನು ಮೆಟ್ಟಿಲ ಕೆಳಗೆ ಬಿದ್ದಿದ್ದಾಗ ಅತ್ತೆಯವರು ಓಡಿ ಬಂದು ಅಂದದ್ದು ನಿಮಗೂ ಕೇಳಿಸಿತ್ತು. "ನೋಡ್ಕೊಂಡು ಕಾಲಿಡ್ಬಾರ್ದೇನೇ, ಕೈಯಾರೆ ಕಳ್ಕೊಂಡ್ಯಲ್ಲೇ!" ನೀವು ಅಲ್ಲೇ ನಿಂತಿದ್ದಿರಿ. ಇಲ್ಲ ಅನ್ನಲಿಲ್ಲ. ಕಾಲಿನ ಗಾಯ ಒಣಗಿದೆ. ಆ ಮಾತು ಒಣಗಿಲ್ಲ. ಅವರು ದುಃಖದಲ್ಲಿ ಅಂದರೆಂದು ತಿಳಿಯದಷ್ಟು ದಡ್ಡಿಯೇನಲ್ಲ ನಾನು. ತಿಳಿದರೂ ನೋಯುತ್ತದೆ.

ಕೊಳವೆಯ ಕೆಲಸ ಬಿಡಬೇಡಿ. ಅಣ್ಣನಿಗೆ ದೊಡ್ಡ ದೀಪಕ್ಕೆ ಹೇಳಿದ್ದೇನೆ. ಕೂಸು ಮಗ್ಗುಲಾಗುತ್ತದೆ.

ಶಂಕರಮ್ಮ


ಪಂಚನಹಳ್ಳಿ
೨೫ ಸೆಪ್ಟೆಂಬರ್ ೧೯೨೧

ಸೌಭಾಗ್ಯವತಿ ಶಂಕರಮ್ಮನಿಗೆ,

ಇಷ್ಟು ದಿನ ಬರೆಯಲಿಲ್ಲ. ಅವತ್ತು ಇಲ್ಲ ಅನ್ನಬೇಕಾಗಿತ್ತು. ಇವತ್ತು ಅನ್ನುತ್ತೇನೆ: ನಿನ್ನ ಕೈಯಾರೆ ಅಲ್ಲ.

ಬ್ಲೋ ಲ್ಯಾಂಪು ಬಂದಿದೆ. ಹಿತ್ತಾಳೆಯದು, ಹೊಟ್ಟೆ ದಪ್ಪ, ಪಕ್ಕದಲ್ಲಿ ಪಂಪು. ಮೊದಲು ಬಟ್ಟಲಲ್ಲಿ ಸ್ಪಿರಿಟ್ಟು ಉರಿಸಿ ಮೂತಿ ಕಾಯಿಸಬೇಕು, ಆಮೇಲೆ ಪಂಪು ಹೊಡೆದರೆ ಸೀಮೆಎಣ್ಣೆ ಆವಿಯಾಗಿ ಭರ್ರೆಂದು ಉರಿಯುತ್ತದೆ. ಮೊದಲ ಸಲ ಹಚ್ಚಿದಾಗ ಎತ್ತು ಗೂಟ ಕಿತ್ತುಕೊಂಡು ಹೋಯಿತು, ಅಜ್ಜಯ್ಯನೂ ಹೋದ. ಅಂಗಡಿಯ ಸೀಮೆಎಣ್ಣೆಯಲ್ಲಿ ಕಸವಿದ್ದು ಮೂತಿ ಕಟ್ಟಿತು. ಬಟ್ಟೆಯಲ್ಲಿ ಸೋಸಿದೆ. ಗಾಳಿ ಬೀಸಿ ಉರಿ ಬಗ್ಗಿತು. ಗೋಣಿ ಕಟ್ಟಿ ಮರೆ ಮಾಡಿದೆ. ಎಲ್ಲ ಮಾಡಿ, ಉರಿ ನೆಟ್ಟಗೆ ನೀಲಿಯಾಗಿ ನಿಂತಾಗ ಇನ್ನು ಗೆದ್ದೆ ಅಂದುಕೊಂಡೆ.

ತವರ ಹಿಡಿಯಲಿಲ್ಲ ಶಂಕರಿ. ಉರಿ ಹತ್ತಿರ ತಂದೆ, ದೂರ ಹಿಡಿದೆ, ಮೇಲಿಂದ ಹಿಡಿದೆ, ಕೆಳಗಿಂದ ಹಿಡಿದೆ. ಉರಿ ತಾಕಿದ ಕೂಡಲೇ ಒಗ್ಗರಣೆ ಸೀದಂತೆ ಕಮಟು ವಾಸನೆ, ಹೊಗೆ. ಆಮೇಲೆ ಕಪ್ಪು ಪೊರೆ. ಆಮೇಲೆ ತವರ ಉರುಳಿ ಬೀಳುವುದು. ಮತ್ತೆ ಸಂಜೆಯೆಲ್ಲ ಕೂತು ಉಜ್ಜುತ್ತೇನೆ, ಬೆಳಿಗ್ಗೆ ಮತ್ತದೇ ಕಥೆ. ಇದ್ದಿಲಿಗೂ ಅದೇ, ಸ್ಪಿರಿಟ್ಟಿಗೂ ಅದೇ, ಸೀಮೆಎಣ್ಣೆಗೂ ಅದೇ. ಕಾವು ಕಡಿಮೆಯಾದರೂ ಬರದು, ಹೆಚ್ಚಾದರೂ ಬರದು ಎಂದರೆ ಏನರ್ಥ? ತಾಮ್ರವೇ ಕಲಬೆರಕೆಯೋ, ನನ್ನ ಹಣೆಬರಹವೇ ಕಲಬೆರಕೆಯೋ? ಪೆಟ್ರೋಲು ಹಾಕಿ ನೋಡೋಣವೆಂದು ಒಂದು ಗಳಿಗೆ ಬುದ್ಧಿ ಓಡಿತ್ತು. ನಿಮ್ಮಣ್ಣನ ಮುಖ ನೆನಪಾಗಿ ಬಿಟ್ಟೆ.

ನನಗಿಂತ ಅಮ್ಮ ಸೋತಿದ್ದಾಳೆ. ನಾನು ದೀಪ ಬದಲಾಯಿಸಿದ ಹಾಗೆಲ್ಲ ಅವಳು ಪೂಜೆ ಜೋರು ಮಾಡುತ್ತಾಳೆ. ಮೊದಮೊದಲು ಎರಡು ಬಾಯಿಗೂ ಎಣ್ಣೆಯರಿಶಿನದ ಒಂದೊಂದು ಬೊಟ್ಟು ಇಡುತ್ತಿದ್ದಳು, ಅಷ್ಟೇ. ಈಗ ಅಂತರಘಟ್ಟಮ್ಮನಿಗೆ ಹರಕೆ ಹೊತ್ತು, ಬೆಳಗಿನ ಜಾವ ಮಿಂದು, ಅರಿಶಿನವನ್ನು ಒಳ್ಳೆಣ್ಣೆಯಲ್ಲಿ ಕಲಸಿ ಎರಡು ಬಾಯಿಗೂ ಸುತ್ತ ಬಳಿದು, ಕುಂಕುಮವಿಟ್ಟು, "ತಾಯೀ, ನನ್ ಸೊಸೆ ಬರೋ ದಾರಿ ಕಣವ್ವಾ, ಕೂಡ್ಸು" ಎಂದು ಕೈಮುಗಿಯುತ್ತಾಳೆ. ಆಮೇಲೆ ನಾನು ದೀಪ ಹಚ್ಚಬೇಕು. ತವರ ಉದುರುವುದನ್ನು ನೋಡಿ ಒಳಗೆ ಹೋಗುತ್ತಾಳೆ. ಮೊನ್ನೆಯಿಂದ ಒಪ್ಪೊತ್ತು ಊಟ ಬಿಟ್ಟಿದ್ದಾಳೆ.

ನನಗೆ ಒಂದೂ ಅರ್ಥವಾಗುತ್ತಿಲ್ಲ. ನೀನು ಬರದೆ ಹೋದರೆ ಏನು ಮಾಡಲಿ ಅನ್ನುವುದೂ ಅರ್ಥವಾಗುತ್ತಿಲ್ಲ.

ತಮ್ಮಯ್ಯ


ಅಜ್ಜಂಪುರ
೬ ಅಕ್ಟೋಬರ್ ೧೯೨೧

ಯಜಮಾನರ ಪಾದಗಳಿಗೆ ನಮಸ್ಕಾರಗಳು.

ಇದನ್ನು ಒಬ್ಬರೇ ಕೂತು ಓದಿ. ಗಟ್ಟಿಯಾಗಿ ಓದಬೇಡಿ.

ಮೊನ್ನೆ ನಮ್ಮ ಬೀದಿಗೆ ಕಲಾಯಿಯವನು ಬಂದಿದ್ದ. ಬೀದಿಯವರೆಲ್ಲ ಪಾತ್ರೆ ತಂದು ಸುತ್ತ ನಿಂತಿದ್ದೆವು. ಎದುರುಮನೆಯ ಪಾಪಮ್ಮ ತಲೆಗೆ ಎಣ್ಣೆ ಒತ್ತಿಕೊಳ್ಳುತ್ತಿದ್ದವಳು ಹಾಗೇ ಬಂದು, ಅವನು ಉಜ್ಜಿಟ್ಟಿದ್ದ ತಪ್ಪಲೆಯ ಒಳಗೆ ಕೈಯಾಡಿಸಿ, "ಹೊಳಪು ಬಂತಾ?" ಅಂದಳು. ಅವನು ಹಾರಿಬಿದ್ದ. "ಎಣ್ಣೆ ಕೈ ಹಾಕ್ಬಿಟ್ರಲ್ಲಮ್ಮಾ! ಇನ್ನು ಎಷ್ಟು ಬೆಂಕಿ ಹಾಕಿದ್ರೂ ತವರ ಕೂರಾಕಿಲ್ಲ" ಅಂದ. ಹಾಗೆಯೇ ಆಯಿತು. ಅವಳ ಬೆರಳು ಆಡಿದ ಕಡೆ ಮಾತ್ರ ತವರ ಹರಿಯದೆ ಉರುಳಿತು. ನೀವು ಬರೆದಿದ್ದಿರಲ್ಲ, ಕೆಸುವಿನೆಲೆಯ ನೀರು ಎಂದು. ನನ್ನ ಕಣ್ಣಿಗೆ ಅದೇ ಕಂಡಿತು.

ನಿಮ್ಮ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಇದ್ದಿಲಲ್ಲ, ಸ್ಪಿರಿಟ್ಟಲ್ಲ, ಸೀಮೆಎಣ್ಣೆಯಲ್ಲ. ಯಾವ ಬೆಂಕಿಯದೂ ತಪ್ಪಿಲ್ಲ. ನೀವು ಸಂಜೆ ಉಜ್ಜುತ್ತೀರಿ, ಬೆಳಿಗ್ಗೆ ಅತ್ತೆಯವರು ಅದೇ ಬಾಯಿಗೆ ಎಣ್ಣೆ ಅರಿಶಿನ ಬಳಿಯುತ್ತಾರೆ, ಅದರ ಮೇಲೆ ನೀವು ತವರ ಹಾಕುತ್ತೀರಿ. ನಮ್ಮ ಮನೆಗಳಲ್ಲಿ ಹೊಸ ವಸ್ತುವಿಗೆ ಅರಿಶಿನ ಬೀಳದೆ ಕೆಲಸ ಶುರುವಾಗುವುದುಂಟೇ? ಅದಕ್ಕೇ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಅಣ್ಣನಿಗೂ ನೀವು ಅದನ್ನು ಬರೆದಿರಲಾರಿರಿ.

ಈಗ ನಾನು ಹೇಳುವ ಮಾತು ನಡೆಸಿಕೊಡಬೇಕು. ಅತ್ತೆಯವರಿಗೆ ಈ ವಿಷಯ ಹೇಳಕೂಡದು. ಇಷ್ಟು ತಿಂಗಳು ನನ್ನನ್ನು ಕರೆಸಿಕೊಳ್ಳಲೆಂದು ಮಾಡಿದ ಪೂಜೆಯೇ ನನ್ನ ದಾರಿಗೆ ಅಡ್ಡವಾಗಿತ್ತೆಂದು ತಿಳಿದರೆ ಆ ಜೀವ ಉಳಿದೊಂದು ಹೊತ್ತಿನ ಊಟವನ್ನೂ ಬಿಟ್ಟೀತು. ಕೈಯಾರೆ ಕೆಡಿಸಿಕೊಂಡೆ ಅನ್ನಿಸಿಕೊಳ್ಳುವುದು ಹೇಗಿರುತ್ತದೆಂದು ನನಗೆ ಗೊತ್ತು. ಅದು ಯಾರಿಗೂ ಬೇಡ. ಅವರ ಮೇಲೆ ನನಗೆ ಸಿಟ್ಟಿಲ್ಲವೆಂದಲ್ಲ. ಸಿಟ್ಟಿದ್ದೂ ಬೇಡ.

ಜೊತೆಗೆ ಇನ್ನೊಂದು ಚೀಟಿಯಿದೆ. ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.

ಶಂಕರಮ್ಮ

*

ಅತ್ತೆಯವರ ಪಾದಗಳಿಗೆ ಸೊಸೆಯ ನಮಸ್ಕಾರಗಳು. ನಿಮ್ಮ ಮೊಮ್ಮಗಳು ನಿಮ್ಮ ಮೂಗು ಹೊತ್ತುಕೊಂಡು ಊರವರನ್ನೆಲ್ಲ ಬೆದರಿಸುತ್ತಿದ್ದಾಳೆ. ನನ್ನದೊಂದು ಆಸೆಯಿದೆ. ಆ ಕೊಳವೆಯ ಅರಿಶಿನ ಕುಂಕುಮ ನನಗೆ ಬಿಡಬೇಕು. ಬೆಸುಗೆ ಕೂಡಿದ ಮೇಲೆ ನಾನೇ ಬಂದು, ಕೂಸಿನ ಕೈ ಹಿಡಿದು ಹಚ್ಚಿಸುತ್ತೇನೆ. ಅಲ್ಲಿಯವರೆಗೆ ಯಾರೂ ಅದಕ್ಕೆ ಎಣ್ಣೆಯಾಗಲಿ ಅರಿಶಿನವಾಗಲಿ ಮುಟ್ಟಿಸಬಾರದು, ನೀವು ಕೂಡ. ಇಷ್ಟು ನಡೆಸಿಕೊಟ್ಟರೆ ಕೊಳವೆ ಕೂಡಿದ ಸುದ್ದಿ ಬಂದ ದಿನವೇ ಹೊರಡುತ್ತೇನೆ. ಎರಡು ಹೊತ್ತೂ ಊಟ ಮಾಡಿ.


ಪಂಚನಹಳ್ಳಿ
೧೭ ಅಕ್ಟೋಬರ್ ೧೯೨೧

ಸೌಭಾಗ್ಯವತಿ ಶಂಕರಮ್ಮನಿಗೆ ತಮ್ಮಯ್ಯನ ಆಶೀರ್ವಾದ.

ಕೂಡಿತು!

ನೀನು ಒಬ್ಬನೇ ಕೂತು ಓದೆಂದ ಕಾಗದ ಓದಿ, ನನ್ನ ತಲೆಗೆ ನಾನೇ ಹೊಡೆದುಕೊಂಡೆ. ದಿನಾ ಕಣ್ಣೆದುರಿಗೇ ಬಳಿಯುತ್ತಿದ್ದಳಲ್ಲ! ಚೀಟಿಯನ್ನು ಅಮ್ಮನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು. ಓದಿದೆ. ಸೆರಗಿಗೆ ಮುಖ ಒತ್ತಿಕೊಂಡು, "ಆಗ್ಲಿ, ಅವ್ಳೇ ಹಚ್ಲಿ" ಅಂದಳು. ಆ ರಾತ್ರಿ ಅನ್ನ ಇಕ್ಕಿಸಿಕೊಂಡಳು.

ನಿನ್ನೆ ಬಾಯಿಗಳನ್ನು ಮತ್ತೆ ಉಜ್ಜಿ, ಹುಣಸೆಹಣ್ಣಿನಲ್ಲಿ ತೊಳೆದು, ಒರೆಸಿ, ಕೂಡಲೇ ರಾಳ ಹಚ್ಚಿ ಬ್ಲೋ ಲ್ಯಾಂಪು ಹಿಡಿದೆ. ಎಣ್ಣೆ ಬೇಡವೆಂದ ಮೇಲೆ ಬರೀ ಕೈಯೂ ಬೇಡವೆಂದು ಅಮ್ಮ ತಾನೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಳು. ಪೂಜೆಯಿಲ್ಲದೆ ಅವಳು ಹಾಗೆ ನಿಂತದ್ದನ್ನು ನಾನು ಹುಟ್ಟಿದಂದಿನಿಂದ ನೋಡಿರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ತಾಮ್ರ ಕಾಯಿತು, ಕಡ್ಡಿ ತಾಗಿಸಿದೆ. ತವರ ಸರ್ರನೆ ಸುತ್ತ ಓಡಿ ಒಳಗೆ ಹೀರಿಕೊಂಡಿತು. ಅಷ್ಟೇ. ಇದ್ದಿಲು, ಸ್ಪಿರಿಟ್ಟು, ಸೀಮೆಎಣ್ಣೆ, ಇದಕ್ಕೆ ನಾಲ್ಕು ತಿಂಗಳು!

ಹಂಡೆಗೆ ತಣ್ಣೀರು ತುಂಬಿ ನೋಡಿದೆ, ಎಲ್ಲೂ ತೊಟ್ಟಿಕ್ಕಲಿಲ್ಲ. ಒಲೆ ಹಚ್ಚಿದೆ. ಬಚ್ಚಲಲ್ಲಿ ನಲ್ಲಿ ತಿರುಗಿಸಿದರೆ ಹೊಗೆಯಾಡುವ ನೀರು. ಹೊರುವವರು ಯಾರೂ ಇಲ್ಲ. ನಾನು ಒಬ್ಬನೇ ನಿಂತು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನಿಮ್ಮಣ್ಣನಿಗೂ ಬರೆದೆ. ಉತ್ತರ ಬಂದರೆ ಬರಲಿ, ಬೈದರೂ ಬರಲಿ.

ನಾನು ಗುರುವಾರದ ರೈಲಿಗೆ ಅಜ್ಜಂಪುರಕ್ಕೆ ಬರುತ್ತೇನೆ. ಕೂಸಿಗೆ ದಪ್ಪ ಬಟ್ಟೆ ಹೊದಿಸಿಕೋ. ದೀಪಾವಳಿಯ ನೀರು ತುಂಬುವ ಹಬ್ಬ ನಮ್ಮ ಮನೆಯಲ್ಲೇ.

ಅಮ್ಮ ತಾನೂ ಬರೆಸಬೇಕೆಂದು ಪಕ್ಕದಲ್ಲೇ ಕೂತಿದ್ದಾಳೆ. ಅಂದದ್ದನ್ನು ಅಂದ ಹಾಗೇ ಬರಿ, ಒಂದಕ್ಷರ ಬಿಡಬೇಡ ಎಂದು ತಾಕೀತು. ಬರೆಯುತ್ತಿದ್ದೇನೆ.

"ಶಂಕರೀ, ನಾನು ಕಣೇ, ಹುಲಿಗೆಮ್ಮ. ಬೇಗ ಬಾ. ಅರಿಶಿನ ಕುಟ್ಟಿಟ್ಟಿದ್ದೀನಿ, ಮುಟ್ಟಿಲ್ಲ. ಎಣ್ಣೆ ಭರಣೀನೂ ಅಟ್ಟದ್ ಮೇಲಿಟ್ಟಿದ್ದೀನಿ. ಕಲಾಯಿಯೋರು ಎಣ್ಣೆ ಕೈ ಮುಟ್ಟಿಸ್ಬ್ಯಾಡಿ ಅನ್ನೋದ್ನ ನಾನೂ ಕೇಳಿದ್ದೀನಿ ಕಣವ್ವಾ, ನಿನ್ ಚೀಟಿ ಓದಿಸ್ಕೊಂಡ್ ಮೇಲೆ ನೆನಪಾಯ್ತು. ನೀನು ಚೀಟೀಲಿ ಅದ್ನ ಬರೀಲಿಲ್ಲ. ನಿಂಗೆ ಪುಣ್ಯ ಬರ್ಲಿ. ಇವ್ನು ಒಂದ್ಸಲ ತಿರುಗ್ಸಿ ನೋಡಿದ್ ಮೇಲೆ ನಲ್ಲೀಗೆ ಬಟ್ಟೆ ಕಟ್ಟಿಟ್ಟಿದ್ದೀನಿ, ಇವನಿಗೂ ಬಿಚ್ಚಾಕ್ ಬಿಟ್ಟಿಲ್ಲ. ಮೀಯೋ ಮೊದ್ಲ ಬಿಸ್ನೀರು ನಿಂದು, ಕೂಸಿಂದು. ಅಲ್ಲೀವರ್ಗೂ ನಾನು ತಣ್ಣೀರಲ್ಲೇ ಮೀಯೋದು. ಮಂಡಿ ಭಾಳಾ ನೋಯ್ತದೆ ಕಣೇ, ಬಂದ್ಬಿಡು."

ಅವಳು ಹೇಳಿದ್ದು ಇಷ್ಟೇ. ಕೆಳಗಿರುವುದು ಅವಳ ಹೆಬ್ಬೆಟ್ಟು. ಒತ್ತುವ ಮೊದಲು ಕೈಯನ್ನು ಸೀಗೇಪುಡಿಯಲ್ಲಿ ತೊಳೆದುಕೊಂಡು ಬಂದಳು.

ನಿನ್ನ
ತಮ್ಮಯ್ಯ